ಮರೆಯಾದ ಕಳ್ಳ, ಕೈಗೆ ಸಿಕ್ಕ ಆರೋಪಿ

ಕೃತಿಸ್ವಾಮ್ಯದ ಕಾನೂನು ರೂಪುಗೊಂಡದ್ದು ನಕಲು ಮಾಡುವವನಿಗೆ ಒಂದು ಹೆಸರು, ಒಂದು ವಿಳಾಸ, ಒಂದು ಅಂಗಡಿಯೋ ಅಚ್ಚುಕೂಟವೋ ಇದ್ದ ಕಾಲದಲ್ಲಿ. ಅನುಮತಿಯಿಲ್ಲದೆ ಪುಸ್ತಕ ಅಚ್ಚು ಹಾಕಿದವನ ಮುದ್ರಣಾಲಯಕ್ಕೆ ಬೀಗ ಜಡಿಯಬಹುದಿತ್ತು. ಕಳ್ಳ ಕ್ಯಾಸೆಟ್ ಮಾರುತ್ತಿದ್ದವನ ಅಂಗಡಿಯ ಮೇಲೆ ದಾಳಿ ನಡೆಸಿ, ಪಂಚರ ಸಮಕ್ಷಮ ಮಹಜರು ಬರೆದು, ಮಾಲನ್ನು ಜಪ್ತಿ ಮಾಡಬಹುದಿತ್ತು. ಬಳಕೆದಾರರ ಗುರುತು ಯಾರಿಗೂ ತಿಳಿಯದಂತೆ ವಿನ್ಯಾಸಗೊಳಿಸಿದ ಕಡತ ಹಂಚಿಕೆ ಜಾಲಗಳಲ್ಲಿ ಅಂಗಡಿಯೂ ಇಲ್ಲ, ಮಾಲೀಕನೂ ಇಲ್ಲ. ನಕಲು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದು ಎಷ್ಟೋ ಸಲ ಅದನ್ನು ದಾಟಿಸಿದವರಿಗೇ ಗೊತ್ತಿರುವುದಿಲ್ಲ. ಇಂಥ ಜಾಲಗಳನ್ನು ಕಾನೂನು ಬೆನ್ನಟ್ಟಿದ ಕಾಲು ಶತಮಾನದ ಚರಿತ್ರೆಯನ್ನು ನೋಡಿದರೆ, ತಪ್ಪು ಮಾಡಿದವನು ಮರೆಯಲ್ಲೇ ಉಳಿದಾಗಲೆಲ್ಲ ಹೊಣೆಯು ಸುಲಭವಾಗಿ ಕೈಗೆ ಸಿಕ್ಕವರ ಕೊರಳಿಗೆ ಬಿದ್ದಿರುವುದು ಕಾಣುತ್ತದೆ. ತಂತ್ರಾಂಶ ಬರೆದವರು, ಅರಿಯದೆ ಕಡತವನ್ನು ಮುಂದಕ್ಕೆ ಸಾಗಿಸಿದವರು, ಅಂತರಜಾಲ ಸಂಪರ್ಕದ ಬಿಲ್ ಯಾರ ಹೆಸರಿನಲ್ಲಿ ಬರುತ್ತದೋ ಅವರು, ಹೀಗೆ. ಬೆನ್ನಟ್ಟಿದವರೂ ಆ ಭರದಲ್ಲಿ ತಾವೇ ಕಾನೂನಿನ ಗೆರೆ ದಾಟಿ ದಂಡ ತೆತ್ತಿದ್ದಾರೆ, ಕೆಲವರು ಸೆರೆಮನೆಯನ್ನೂ ಕಂಡಿದ್ದಾರೆ.

ಈ ಪಾಡು ಬಂದದ್ದೇಕೆ ಎಂಬುದನ್ನು ತಿಳಿಯಲು ಜಾಲಗಳ ರಚನೆಯನ್ನು ಸ್ವಲ್ಪ ನೋಡಬೇಕು. 1999ರಲ್ಲಿ ಬಂದ ನ್ಯಾಪ್‌ಸ್ಟರ್‌ನಲ್ಲಿ ಹಾಡುಗಳು ಬಳಕೆದಾರರ ಗಣಕಗಳಲ್ಲೇ ಇದ್ದರೂ ಯಾವ ಹಾಡು ಯಾರಲ್ಲಿದೆ ಎಂಬ ಪಟ್ಟಿ ಮಾತ್ರ ಕಂಪನಿಯ ಸರ್ವರ್‌ನಲ್ಲಿತ್ತು. 2001ರಲ್ಲಿ ಅಮೆರಿಕದ ನ್ಯಾಯಾಲಯ ಆ ಪಟ್ಟಿಗೆ ಕೈ ಹಾಕಿದ್ದೇ ತಡ ಇಡೀ ಸೇವೆ ನಿಂತುಹೋಯಿತು. ಅದೇ ವರ್ಷ ಹುಟ್ಟಿದ ಬಿಟ್‌ಟೊರೆಂಟ್‌ನಲ್ಲಿ ಕಡತವನ್ನು ಚೂರುಗಳಾಗಿ ಒಡೆದು, ಇಳಿಸಿಕೊಳ್ಳುತ್ತಿರುವವರೇ ಪರಸ್ಪರ ಹಂಚಿಕೊಳ್ಳುವ ವ್ಯವಸ್ಥೆ ಬಂದಿತು. ಕೇಂದ್ರವೇನೋ ಇಲ್ಲವಾಯಿತು, ಆದರೆ ಪಾಲ್ಗೊಂಡ ಪ್ರತಿಯೊಂದು ಗಣಕದ ಐ.ಪಿ. ವಿಳಾಸ, ಅಂದರೆ ಅಂತರಜಾಲ ಸೇವಾದಾರನು ಆ ಹೊತ್ತಿಗೆ ಆ ಸಂಪರ್ಕಕ್ಕೆ ಕೊಟ್ಟಿರುವ ಸಂಖ್ಯೆ, ಉಳಿದವರೆಲ್ಲರಿಗೂ ಕಾಣುವಂತೆ ಉಳಿಯಿತು. ಹಕ್ಕುದಾರರು ನೇಮಿಸಿದ ಕಣ್ಗಾವಲು ಕಂಪನಿಗಳು ಮಾಡುವ ಕೆಲಸ ಇಷ್ಟೇ: ತಾವೂ ಆ ಗುಂಪಿಗೆ ಸೇರಿಕೊಂಡು ಕಂಡ ಸಂಖ್ಯೆಗಳನ್ನು ಸಮಯದ ಸಮೇತ ಬರೆದಿಟ್ಟುಕೊಳ್ಳುವುದು.

ಮೂರನೆಯ ಬಗೆಯವು ನಿಜವಾದ ಅರ್ಥದಲ್ಲಿ ಅನಾಮಧೇಯ ಜಾಲಗಳು. ಎಡಿನ್‌ಬರೊ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಇಯಾನ್ ಕ್ಲಾರ್ಕ್ 1999ರಲ್ಲಿ ರೂಪಿಸಿ, 2000ದಲ್ಲಿ ಬಿಡುಗಡೆಯಾದ ಫ್ರೀನೆಟ್ ಇವುಗಳಲ್ಲಿ ಹಳೆಯದು. ಅದರಲ್ಲಿ ಕಡತದ ಚೂರುಗಳು ಗೂಢಲಿಪಿಯಲ್ಲಿ ಸುತ್ತಿಕೊಂಡು ಅಪರಿಚಿತರ ಗಣಕಗಳ ಡಿಸ್ಕ್‌ಗಳಲ್ಲಿ ಹರಡಿಕೊಂಡಿರುತ್ತವೆ, ತನ್ನ ಡಿಸ್ಕ್‌ನಲ್ಲಿ ಏನಿದೆ ಎಂಬುದು ಗಣಕದ ಒಡೆಯನಿಗೇ ತಿಳಿಯುವುದಿಲ್ಲ. ಬೇಡಿಕೆಯೊಂದು ಒಂದು ಗಣಕದಿಂದ ಪಕ್ಕದ ಗಣಕಕ್ಕೆ ಹಾಯುತ್ತ ಸಾಗುವುದರಿಂದ, ಕೇಳಿದವನು ತನಗಾಗಿ ಕೇಳಿದನೋ ಇನ್ನೊಬ್ಬನ ಪರವಾಗಿ ದಾಟಿಸಿದನೋ ಎಂಬುದನ್ನು ಖಚಿತವಾಗಿ ಹೇಳಲು ಬರುವುದಿಲ್ಲ. ಇದನ್ನು ಕಟ್ಟಿದವರ ಗುರಿ ಸಿನಿಮಾ ಕಳವಾಗಿರಲಿಲ್ಲ, ಸರ್ಕಾರಗಳ ಸೆನ್ಸಾರ್‌ಶಿಪ್ ತಪ್ಪಿಸಿಕೊಳ್ಳುವುದಾಗಿತ್ತು ಎಂಬುದು ನಿಜ. ಆದರೆ ಸರ್ಕಾರದ ಕಣ್ಣಿಗೆ ಮಣ್ಣೆರಚುವ ಉಪಕರಣವು ಚಿತ್ರ ನಿರ್ಮಾಪಕನ ಕಣ್ಣಿಗೂ ಎರಚುತ್ತದೆ.

ಹೊಣೆಗಾರಿಕೆಯ ಪ್ರಶ್ನೆಯನ್ನು ಅತ್ಯಂತ ಕಠಿಣವಾಗಿ ಎದುರಿಸಿದ ದೇಶ ಜಪಾನ್. ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ಸಹಾಯಕರಾಗಿದ್ದ ಇಸಾಮು ಕಾನೆಕೊ ಎಂಬವರು 2002ರಲ್ಲಿ ವಿನ್ನಿ ಎಂಬ ತಂತ್ರಾಂಶವನ್ನು ಬರೆದು ಉಚಿತವಾಗಿ ಹಂಚಿದರು. ಕಡತಗಳನ್ನು ಗೂಢಲಿಪಿಗೆ ತಿರುಗಿಸಿ, ಅಪರಿಚಿತ ಗಣಕಗಳ ಮೂಲಕ ದಾಟಿಸಿ, ದಾರಿಯುದ್ದಕ್ಕೂ ನಕಲುಗಳನ್ನು ಉಳಿಸುತ್ತ ಹೋಗುವ ಅದರ ರಚನೆ ಫ್ರೀನೆಟ್‌ನ ಕಲ್ಪನೆಗೆ ಋಣಿಯಾಗಿತ್ತು, ವೇಗದಲ್ಲಿ ಅದನ್ನು ಮೀರಿಸಿತ್ತು. ಜನ ಅದನ್ನು ಬಳಸಿದ್ದು ಬಹುಮಟ್ಟಿಗೆ ಸಿನಿಮಾ, ಸಂಗೀತ, ಆಟಗಳನ್ನು ಪುಕ್ಕಟೆಯಾಗಿ ಪಡೆಯಲು. 2003ರ ನವೆಂಬರ್‌ನಲ್ಲಿ ಕ್ಯೋಟೊ ಪೊಲೀಸರು ಇಬ್ಬರು ಬಳಕೆದಾರರನ್ನು ಬಂಧಿಸಿದರು. 2004ರ ಮೇ ತಿಂಗಳಲ್ಲಿ, ಆ ಇಬ್ಬರ ಅಪರಾಧಕ್ಕೆ ನೆರವಾದ ಆರೋಪದ ಮೇಲೆ ಕಾನೆಕೊ ಅವರನ್ನೇ ಬಂಧಿಸಿದರು. ಅವರು ಒಂದು ಕಡತವನ್ನೂ ಕದ್ದು ಹಂಚಿದ್ದ ಆರೋಪ ಇರಲಿಲ್ಲ, ಉಪಕರಣವನ್ನು ತಯಾರಿಸಿದ್ದೇ ನೆರವು ಎಂಬುದು ಪ್ರಾಸಿಕ್ಯೂಷನ್ನಿನ ವಾದವಾಗಿತ್ತು.

ಕ್ಯೋಟೊ ಜಿಲ್ಲಾ ನ್ಯಾಯಾಲಯವು 2006ರ ಡಿಸೆಂಬರ್‌ನಲ್ಲಿ ಆ ವಾದವನ್ನು ಒಪ್ಪಿ 15 ಲಕ್ಷ ಯೆನ್ ದಂಡ ವಿಧಿಸಿತು. ಒಸಾಕಾ ಹೈಕೋರ್ಟ್ 2009ರಲ್ಲಿ ಅವರನ್ನು ಖುಲಾಸೆ ಮಾಡಿತು. ತಂತ್ರಾಂಶವನ್ನು ಕಾನೂನುಬಾಹಿರವಾಗಿ ಬಳಸಿರೆಂದು ಪ್ರೋತ್ಸಾಹಿಸಿದ್ದರೆ ಮಾತ್ರ ನೆರವಿನ ಅಪರಾಧವಾಗುತ್ತದೆ ಎಂಬುದು ಅದರ ನಿಲುವು. 2011ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಖುಲಾಸೆಯನ್ನು ನಾಲ್ಕು-ಒಂದರ ಬಹುಮತದಿಂದ ಎತ್ತಿಹಿಡಿದರೂ ಹೈಕೋರ್ಟಿನ ಕಾರಣವನ್ನು ಒಪ್ಪಲಿಲ್ಲ, ಮತ್ತು ಪ್ರಕರಣದ ಸತ್ವ ಇರುವುದು ಅಲ್ಲೇ. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಬಳಸಬಹುದಾದ ತಂತ್ರಾಂಶವನ್ನು ಹಂಚುವವನಿಗೆ, ನಿರ್ದಿಷ್ಟ ಉಲ್ಲಂಘನೆಯೊಂದು ನಡೆಯಲಿದೆ ಎಂಬ ಅರಿವಿರಬೇಕು, ಇಲ್ಲವೇ ಅಪವಾದವೆಂದು ತಳ್ಳಿಹಾಕಲಾಗದಷ್ಟು ಬಳಕೆದಾರರು ಅದನ್ನು ಉಲ್ಲಂಘನೆಗೆ ಬಳಸುವ ಸಂಭವ ಹೆಚ್ಚಿದೆ ಎಂಬ ಅರಿವಿದ್ದೂ ಹಂಚಿರಬೇಕು. ಯಾರಾದರೂ ದುರುಪಯೋಗ ಮಾಡಬಹುದೆಂಬ ಸಾಮಾನ್ಯ ತಿಳಿವಳಿಕೆ ಸಾಲದು ಎಂದು ನ್ಯಾಯಾಲಯ ಹೇಳಿತು. ಕಾನೂನುಬಾಹಿರ ಕಡತಗಳನ್ನು ಹಂಚಬೇಡಿರೆಂದು ಕಾನೆಕೊ ಎಚ್ಚರಿಕೆ ಬರೆದಿದ್ದು ಅವರ ಪರವಾಗಿ ನಿಂತಿತು. 2005ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಗ್ರಾಕ್‌ಸ್ಟರ್ ಎಂಬ ಕಡತ ಹಂಚಿಕೆ ತಂತ್ರಾಂಶದ ಕಂಪನಿಯನ್ನು ಹೊಣೆಯಾಗಿಸಿದ್ದು, ಅದು ನ್ಯಾಪ್‌ಸ್ಟರ್‌ನ ಗಿರಾಕಿಗಳನ್ನು ಸೆಳೆಯಲು ಉಲ್ಲಂಘನೆಯನ್ನೇ ಹುರಿದುಂಬಿಸಿತ್ತು ಎಂಬ ಕಾರಣಕ್ಕೆ. ಎರಡೂ ತೀರ್ಪುಗಳು ಉಪಕರಣವನ್ನು ಬಿಟ್ಟು ಮನಸ್ಸನ್ನು ಪರೀಕ್ಷಿಸುತ್ತವೆ.

ಏಳೂವರೆ ವರ್ಷ ನಡೆದ ಮೊಕದ್ದಮೆಯ ಬೆಲೆಯನ್ನು ತೀರ್ಪಿನಲ್ಲಷ್ಟೇ ಅಳೆಯಲಾಗದು. ವಿನ್ನಿ ಬಳಸುವವರ ಗಣಕಗಳಿಗೆ ಅಂಟುತ್ತಿದ್ದ ಆ್ಯಂಟಿನಿ ಎಂಬ ವೈರಸ್ ಖಾಸಗಿ ಕಡತಗಳನ್ನು ಜಾಲಕ್ಕೆ ಸುರಿಯುತ್ತಿತ್ತು. ಕಾನೆಕೊ ಅವರನ್ನು ಬಂಧಿಸಿದ ಅದೇ ಕ್ಯೋಟೊ ಪೊಲೀಸರ ತನಿಖಾ ದಾಖಲೆಗಳು 2004ರಲ್ಲಿ ಹಾಗೆ ಸೋರಿಹೋಗಿದ್ದವು. 2006ರಲ್ಲಿ, ಆಗ ಸಂಪುಟದ ಮುಖ್ಯ ಕಾರ್ಯದರ್ಶಿಯಾಗಿದ್ದ ಶಿಂಜೊ ಅಬೆ ವಿನ್ನಿಯನ್ನು ಬಳಸಬೇಡಿರೆಂದು ನಾಗರಿಕರಿಗೆ ಮನವಿ ಮಾಡುವ ಮಟ್ಟಕ್ಕೆ ಸೋರಿಕೆ ಬೆಳೆಯಿತು. ತಂತ್ರಾಂಶವನ್ನು ತಿದ್ದಬಲ್ಲ ಒಬ್ಬರೇ ವ್ಯಕ್ತಿ ಆರೋಪಿಯಾಗಿದ್ದರು, ಹೊಸ ಆವೃತ್ತಿ ಹೊರತಂದರೆ ಅದೇ ಮತ್ತೊಂದು ನೆರವಿನ ಅಪರಾಧವೆನಿಸುವ ಭಯವಿತ್ತು. ರಂಧ್ರ ಮುಚ್ಚಲೇ ಇಲ್ಲ. ಖುಲಾಸೆ ಖಾಯಂ ಆದ ಒಂದೂವರೆ ವರ್ಷಕ್ಕೆ, 2013ರ ಜುಲೈಯಲ್ಲಿ, 42ನೆಯ ವಯಸ್ಸಿನಲ್ಲಿ ಕಾನೆಕೊ ತೀರಿಕೊಂಡರು.

ಜಪಾನಿನಲ್ಲಿ ಉಪಕರಣದ ಕರ್ತೃ ಸಿಕ್ಕಿಬಿದ್ದರೆ ಜರ್ಮನಿಯಲ್ಲಿ ದಾಟಿಸಿದವನು ಸಿಕ್ಕಿಬಿದ್ದ. ರೆಟ್ರೋಶೇರ್ ಎಂಬ ಜಾಲದಲ್ಲಿ ಬಳಕೆದಾರನು ತಾನು ನಂಬಿದ ಗೆಳೆಯರ ಗಣಕಗಳಿಗೆ ಮಾತ್ರ ಜೋಡಿಕೊಳ್ಳುತ್ತಾನೆ, ಆದರೆ ಗೆಳೆಯನ ಗೆಳೆಯನಿಗೆ ಹೋಗಬೇಕಾದ ಕಡತ ಇವನ ಗಣಕವನ್ನು ಹಾದು, ಗೂಢಲಿಪಿಯಲ್ಲಿ, ಮುಂದೆ ಹೋಗುತ್ತದೆ. ಹೀಗೆ ಹಾದುಹೋದ ಒಂದು ಹಾಡಿಗಾಗಿ ಹ್ಯಾಂಬರ್ಗ್‌ನ ನ್ಯಾಯಾಲಯವು 2012ರಲ್ಲಿ ಬಳಕೆದಾರನೊಬ್ಬನ ವಿರುದ್ಧ ತಡೆಯಾಜ್ಞೆ ನೀಡಿತು, ಮೀರಿದರೆ ಎರಡೂವರೆ ಲಕ್ಷ ಯೂರೊವರೆಗೆ ದಂಡ ಅಥವಾ ಆರು ತಿಂಗಳ ಸೆರೆ. ತಾನು ತಪ್ಪು ಮಾಡದಿದ್ದರೂ ತಪ್ಪಿಗೆ ದಾರಿಯಾದವನನ್ನು ಹೊಣೆಯಾಗಿಸುವ ತತ್ತ್ವವೊಂದು ಜರ್ಮನ್ ಕಾನೂನಿನಲ್ಲಿತ್ತು; ವೈಫೈಗೆ ಪಾಸ್‌ವರ್ಡ್ ಹಾಕದೆ ಬಿಟ್ಟವರನ್ನೂ 2010ರಿಂದ ಅದು ಕಾಡುತ್ತಿತ್ತು, 2017ರಲ್ಲಿ ಶಾಸನ ತಿದ್ದುಪಡಿಯಾದ ಮೇಲೆ ಅದರ ಕಾಟ ತಗ್ಗಿತು. ತನಗೇನೂ ಕಾಣಿಸದಂತೆ ಮಾಡಿಕೊಂಡದ್ದೇ ಬಳಕೆದಾರನ ತಪ್ಪು ಎಂಬ ಹ್ಯಾಂಬರ್ಗ್ ಆದೇಶದ ತರ್ಕ ಅಪಾಯಕಾರಿ. ಅರಿವಿದ್ದರೆ ಅಪರಾಧ ಎಂಬ ನಿಯಮವನ್ನು ಅದು ಅರಿವಿಲ್ಲದಿದ್ದರೂ ಅಪರಾಧ ಎಂದು ತಿರುವಿಬಿಡುತ್ತದೆ, ಗೂಢಲಿಪಿಯಲ್ಲಿ ಮಾಹಿತಿ ಸಾಗಿಸುವ ಯಾವ ಸೇವೆಯೂ ಆ ಅಳತೆಯಿಂದ ತಪ್ಪಿಸಿಕೊಳ್ಳಲಾರದು.

ಗುರುತು ಕಾಣುವಂತಿದ್ದ ಜಾಲಗಳಲ್ಲೂ ಗುರಿ ತಪ್ಪಿದ ಉದಾಹರಣೆಗಳು ಕಡಿಮೆಯೇನಲ್ಲ. ಅಮೆರಿಕದ ಸಂಗೀತ ಕಂಪನಿಗಳ ಒಕ್ಕೂಟವು 2003ರ ಸೆಪ್ಟೆಂಬರ್‌ನಲ್ಲಿ ಒಂದೇ ಬಾರಿಗೆ 261 ಜನರ ಮೇಲೆ ದಾವೆ ಹೂಡಿತು. ಅವರಲ್ಲಿ ನ್ಯೂಯಾರ್ಕಿನ 12 ವರ್ಷದ ಬಾಲಕಿಯೊಬ್ಬಳಿದ್ದಳು. ಹಾಡು ಇಳಿಸಿದ ತಂತ್ರಾಂಶ ಓಡದೇ ಇರುವ ಮ್ಯಾಕ್ ಗಣಕವನ್ನು ಬಳಸುತ್ತಿದ್ದ ವೃದ್ಧೆಯೊಬ್ಬರಿದ್ದರು, ಅವರ ಮೇಲಿನ ದಾವೆಯನ್ನು ಹಿಂತೆಗೆದುಕೊಳ್ಳಬೇಕಾಯಿತು. 2008ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಪ್ರಯೋಗವಂತೂ ಸಾಕ್ಷ್ಯದ ಬುಡವನ್ನೇ ಅಲ್ಲಾಡಿಸಿತು. ಟೊರೆಂಟ್ ಗುಂಪಿನ ಸದಸ್ಯರ ಪಟ್ಟಿಯನ್ನು ಇಡುವ ಸರ್ವರ್‌ಗೆ ಗಣಕವು ತನ್ನ ವಿಳಾಸವನ್ನು ತಾನೇ ತಿಳಿಸುವಾಗ ಬೇರೊಂದರ ವಿಳಾಸವನ್ನು ಹೇಳಿದರೂ ಕೆಲವೆಡೆ ನಡೆಯುತ್ತದೆ ಎಂಬುದನ್ನು ಕಂಡುಕೊಂಡ ಅವರು, ತಮ್ಮ ವಿಭಾಗದ ಮುದ್ರಣ ಯಂತ್ರಗಳ ಐ.ಪಿ. ವಿಳಾಸವನ್ನು ಕೊಟ್ಟರು. ಕಣ್ಗಾವಲು ಕಂಪನಿಗಳು ಪರಿಶೀಲಿಸುವ ಗೋಜಿಗೆ ಹೋಗದೆ, ಸಿನಿಮಾ ಹಂಚುತ್ತಿದ್ದೀರೆಂದು ಪ್ರಿಂಟರ್‌ಗಳ ಮೇಲೆ ದೂರು ಕಳುಹಿಸಿದವು. ಒಂದು ಚೂರು ಕಡತವನ್ನೂ ಇಳಿಸದ, ಏರಿಸದ ಆ ಪ್ರಯೋಗಕ್ಕೆ ಒಟ್ಟು ನೂರಾರು ದೂರುಗಳು ಬಂದವು.

ಐ.ಪಿ. ವಿಳಾಸ ಸರಿಯಾಗಿದ್ದಾಗಲೂ ಅದು ತೋರಿಸುವುದು ಸಂಪರ್ಕವನ್ನು, ವ್ಯಕ್ತಿಯನ್ನಲ್ಲ. ವಯಸ್ಕರ ಆರೈಕೆ ಕೇಂದ್ರವೊಂದರ ವೈಫೈ ಬಳಸಿ ಯಾರೋ ಸಿನಿಮಾ ಇಳಿಸಿದ್ದಕ್ಕೆ ಕೇಂದ್ರದ ಒಡೆಯನನ್ನು ಹೊಣೆಯಾಗಿಸಲಾಗದು ಎಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ 2018ರಲ್ಲಿ ಸ್ಪಷ್ಟಪಡಿಸಿತು. ಭಾರತದಲ್ಲಿ ತೊಡಕು ಇನ್ನಷ್ಟು. ಮೊಬೈಲ್ ಸೇವೆಗಳಲ್ಲಿ ಒಂದೇ ಸಾರ್ವಜನಿಕ ಐ.ಪಿ. ವಿಳಾಸವನ್ನು ಏಕಕಾಲಕ್ಕೆ ಬಹುಸಂಖ್ಯೆಯ ಗಿರಾಕಿಗಳು ಹಂಚಿಕೊಂಡಿರುವುದರಿಂದ, ವಿಳಾಸದ ಜೊತೆಗೆ ಪೋರ್ಟ್ ಸಂಖ್ಯೆ, ಸೆಕೆಂಡಿನವರೆಗಿನ ಸಮಯ ಎಲ್ಲವೂ ತಾಳೆಯಾಗಬೇಕು. ಯೂರೋಪಿನ ಕಣ್ಗಾವಲು ಕಂಪನಿ ವಿಶ್ವಮಾನ ಸಮಯದಲ್ಲಿ ರಾತ್ರಿ 11.50 ಎಂದು ಬರೆದದ್ದು ಭಾರತದ ಮರುದಿನ ಬೆಳಗಿನ 5.20, ಈ ಐದೂವರೆ ಗಂಟೆಯ ಲೆಕ್ಕ ತಪ್ಪಿದರೆ ಪೊಲೀಸರು ಬಾಗಿಲು ತಟ್ಟುವುದು ಬೇರೆಯವರ ಮನೆಯಲ್ಲಿ. ಇದು ಬರಿಯ ಊಹೆಯಲ್ಲ. 2007ರಲ್ಲಿ ಶಿವಾಜಿಯನ್ನು ಅವಮಾನಿಸುವ ಚಿತ್ರವೊಂದು ಆರ್ಕುಟ್ ಎಂಬ ಸಾಮಾಜಿಕ ಜಾಲತಾಣದಲ್ಲಿ ಕಾಣಿಸಿಕೊಂಡ ಪ್ರಕರಣದಲ್ಲಿ, ಸೇವಾದಾರ ಕಂಪನಿ ಕೊಟ್ಟ ತಪ್ಪು ಐ.ಪಿ. ಮಾಹಿತಿಯನ್ನು ನಂಬಿ ಪುಣೆ ಪೊಲೀಸರು ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರನ್ನು ಬಂಧಿಸಿದರು. ಅವರು 50 ದಿನ ಜೈಲಿನಲ್ಲಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಗೆ ಇದಕ್ಕಿಂತ ಸರಿಯಾದ ನಿದರ್ಶನ ಸಿಗಲಾರದು. ಆ ಪ್ರಕರಣ ಕೃತಿಸ್ವಾಮ್ಯದ್ದಲ್ಲ, ಸಾಕ್ಷ್ಯದ ಬಗೆ ಮಾತ್ರ ಅದೇ.

ಬೆನ್ನಟ್ಟುವವರ ಕಡೆಗೆ ತಿರುಗಿದರೆ ಕಥೆ ಇನ್ನೂ ವಿಚಿತ್ರ. ಸ್ವಿಟ್ಜರ್ಲೆಂಡಿನ ಸರ್ವೋಚ್ಚ ನ್ಯಾಯಾಲಯವು 2010ರ ಸೆಪ್ಟೆಂಬರ್‌ನಲ್ಲಿ, ಐ.ಪಿ. ವಿಳಾಸವೂ ವೈಯಕ್ತಿಕ ಮಾಹಿತಿಯೇ, ಅದನ್ನು ಲಾಜಿಸ್ಟೆಪ್ ಎಂಬ ಕಣ್ಗಾವಲು ಕಂಪನಿ ಜನರಿಗೆ ತಿಳಿಯದಂತೆ ಸಂಗ್ರಹಿಸುತ್ತಿದ್ದುದು ಕಾನೂನುಬಾಹಿರ ಎಂದು ತೀರ್ಮಾನಿಸಿತು. ಅದೇ ತಿಂಗಳು ಬೆಂಗಳೂರಿನ ಹೆಸರು ಈ ವಿದ್ಯಮಾನದ ನಡುವೆ ಕೇಳಿಬಂದಿತು. ಚಿತ್ರ ನಿರ್ಮಾಪಕರ ಪರವಾಗಿ ಕೆಲಸ ಮಾಡುತ್ತಿದ್ದ ನಗರದ ಐಪ್ಲೆಕ್ಸ್ ಸಾಫ್ಟ್‌ವೇರ್ ಎಂಬ ಕಂಪನಿ, ನೋಟಿಸಿಗೆ ಬಗ್ಗದ ಟೊರೆಂಟ್ ತಾಣಗಳಿಗೆ ಸುಳ್ಳು ಬೇಡಿಕೆಗಳನ್ನು ಪ್ರವಾಹದಂತೆ ಹರಿಸಿ ಅವು ಸ್ಥಗಿತಗೊಳ್ಳುವಂತೆ ಮಾಡುತ್ತಿದೆಯೆಂದು ಅದರ ಮುಖ್ಯಸ್ಥರು ಹೇಳಿದರೆಂಬ ವರದಿ ವಿದೇಶಿ ಪತ್ರಿಕೆಗಳಲ್ಲಿ ಬಂದಿತು. ಹೀಗೆ ಸೇವೆಗೆ ತಡೆಯೊಡ್ಡುವುದು ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೆಯ ಕಲಮುಗಳ ಪ್ರಕಾರ ಅಪ್ರಾಮಾಣಿಕ ಉದ್ದೇಶದಿಂದ ನಡೆದರೆ ಮೂರು ವರ್ಷ ಸೆರೆ, ಐದು ಲಕ್ಷ ರೂಪಾಯಿ ದಂಡದವರೆಗೆ ಹೋಗಬಹುದಾದ ಅಪರಾಧ. ಎದುರಿನ ತಾಣ ಕಳ್ಳಮಾಲಿನದ್ದು ಎಂಬ ಸಮರ್ಥನೆಗೆ ಅಲ್ಲಿ ಜಾಗವಿಲ್ಲ. ಹಕ್ಕುದಾರರಿಗೆ ಇಂಥ ದಾಳಿಯ ಅನುಮತಿ ಕೊಡುವ ಮಸೂದೆಯೊಂದು 2002ರಲ್ಲಿ ಅಮೆರಿಕದ ಕಾಂಗ್ರೆಸ್ ಮುಂದೆ ಬಂದಿತ್ತಾದರೂ ಕಾಯ್ದೆಯಾಗಲಿಲ್ಲ.

ಬೆಂಗಳೂರಿನ ವರದಿಗೆ ಪ್ರತಿಯಾಗಿ ಅನಾನಿಮಸ್ ಎಂಬ ಮುಖವಿಲ್ಲದ ಗುಂಪು ಅದೇ ಅಸ್ತ್ರವನ್ನು ಹಿಡಿದು ಐಪ್ಲೆಕ್ಸ್‌ನ ತಾಣವನ್ನೂ, ಅಮೆರಿಕದ ಸಿನಿಮಾ ಮತ್ತು ಸಂಗೀತ ಒಕ್ಕೂಟಗಳ ತಾಣಗಳನ್ನೂ, ಕೊನೆಗೆ ಎ.ಸಿ.ಎಸ್. ಲಾ ಎಂಬ ಲಂಡನ್ನಿನ ವಕೀಲ ಸಂಸ್ಥೆಯ ತಾಣವನ್ನೂ ಕೆಡವಿತು. ನೀವು ಇಂಥ ಕಡತ ಹಂಚಿದ್ದೀರಿ, ಇಷ್ಟು ಹಣ ಕಟ್ಟಿದರೆ ಬಿಡುತ್ತೇವೆ ಎಂಬ ಪತ್ರಗಳನ್ನು ಸಾವಿರಗಟ್ಟಲೆ ಮನೆಗಳಿಗೆ ಕಳುಹಿಸುವುದು ಆ ಸಂಸ್ಥೆಯ ವಹಿವಾಟಾಗಿತ್ತು. ಬಿದ್ದ ತಾಣವನ್ನು ಮತ್ತೆ ನಿಲ್ಲಿಸುವಾಗ ಅದರ ಬ್ಯಾಕಪ್ ಕಡತ ಎಲ್ಲರಿಗೂ ಕಾಣುವಂತೆ ಉಳಿದು, ಅಶ್ಲೀಲ ಚಿತ್ರ ಹಂಚಿದ ಆರೋಪ ಹೊತ್ತವರ ಹೆಸರು, ವಿಳಾಸಗಳು ಸಮೇತ ಸಾವಿರಾರು ಜನರ ವಿವರ ಬಯಲಾಯಿತು. ಬ್ರಿಟನ್ನಿನ ಮಾಹಿತಿ ಆಯುಕ್ತರು, ಸಂಸ್ಥೆ ಮುಚ್ಚದೇ ಇದ್ದಿದ್ದರೆ ಎರಡು ಲಕ್ಷ ಪೌಂಡ್ ದಂಡ ಹಾಕಬೇಕಾಗಿತ್ತೆಂದು ಹೇಳಿ ಒಂದು ಸಾವಿರಕ್ಕೆ ಇಳಿಸಿದರು. ವಕೀಲರನ್ನು ವೃತ್ತಿಯಿಂದ ಎರಡು ವರ್ಷ ಅಮಾನತಿನಲ್ಲಿಡಲಾಯಿತು. ಅಮೆರಿಕದ ಪ್ರೆಂಡಾ ಲಾ ಸಂಸ್ಥೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಲೆಗೆ ಎರೆಯಾಗಿ ತಮ್ಮದೇ ಚಿತ್ರಗಳನ್ನು ಪೈರೇಟ್ ಬೇ ಎಂಬ ಟೊರೆಂಟ್ ತಾಣಕ್ಕೆ ತಾವೇ ಏರಿಸಿ, ಇಳಿಸಿಕೊಂಡವರನ್ನು ಬೆದರಿಸಿ 60 ಲಕ್ಷ ಡಾಲರ್‌ಗಿಂತ ಹೆಚ್ಚು ವಸೂಲು ಮಾಡಿದ್ದರು. 2019ರಲ್ಲಿ ಅದರ ಇಬ್ಬರು ವಕೀಲರಿಗೆ ಕ್ರಮವಾಗಿ 14 ವರ್ಷ ಮತ್ತು ಐದು ವರ್ಷ ಸೆರೆವಾಸವಾಯಿತು.

ಭಾರತದ ನ್ಯಾಯಾಲಯಗಳು ಹಿಡಿದ ದಾರಿ ಬೇರೆ. ಹೆಸರು ತಿಳಿಯದ ಪ್ರತಿವಾದಿಗೆ 'ಅಶೋಕ್ ಕುಮಾರ್' ಎಂಬ ಕಲ್ಪಿತ ಹೆಸರಿಟ್ಟು ಮುಂಚಿತವಾಗಿಯೇ ತಡೆಯಾಜ್ಞೆ ಪಡೆಯುವ ಪದ್ಧತಿ, 2002ರ ವಿಶ್ವಕಪ್ ಫುಟ್‌ಬಾಲ್ ಪ್ರಸಾರದ ಹೊತ್ತಿಗೆ ದೆಹಲಿ ಹೈಕೋರ್ಟಿನಲ್ಲಿ ಆರಂಭವಾಗಿ, ಸಿನಿಮಾ ಬಿಡುಗಡೆಯ ಮಾಮೂಲಿ ವಿಧಿಯೇ ಆಗಿಹೋಯಿತು. ಅದರ ಅತಿರೇಕ ಕಂಡದ್ದು 2012ರಲ್ಲಿ: ತಮಿಳು ಚಿತ್ರ '3'ರ ರಕ್ಷಣೆಗೆ ಮದ್ರಾಸ್ ಹೈಕೋರ್ಟ್ ನೀಡಿದ ಆದೇಶವನ್ನು ಸೇವಾದಾರರು ಅರ್ಥೈಸಿಕೊಂಡ ರೀತಿಯಿಂದ ವಿಮಿಯೊ, ಡೈಲಿಮೋಷನ್‌ಗಳಂಥ ಸಭ್ಯ ತಾಣಗಳೂ ದೇಶದಲ್ಲಿ ಮುಚ್ಚಿದವು, ಆದೇಶ ನಿರ್ದಿಷ್ಟ ಕೊಂಡಿಗಳಿಗೆ ಮಾತ್ರ ಅನ್ವಯಿಸುತ್ತದೆಂದು ಜೂನ್‌ನಲ್ಲಿ ನ್ಯಾಯಾಲಯವೇ ಹೇಳಬೇಕಾಯಿತು. 2016ರಲ್ಲಿ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಗೌತಮ್ ಪಟೇಲ್, ಪ್ರತಿಯೊಂದು ಕೊಂಡಿಯನ್ನೂ ಪರಿಶೀಲಿಸಿ ಪ್ರಮಾಣಪತ್ರ ಸಲ್ಲಿಸದೆ ಇಡೀ ತಾಣಗಳನ್ನು ಮುಚ್ಚಿಸಲು ಒಪ್ಪಲಿಲ್ಲ, ಸುಮ್ಮನೆ ನೋಡುವುದು ಅಪರಾಧವಲ್ಲವೆಂದೂ ಹೇಳಿದರು. ಈ ಶಿಸ್ತು ಮೆಚ್ಚತಕ್ಕದ್ದು, ಆದರೆ ಅನಾಮಧೇಯ ಜಾಲದ ಮಟ್ಟಿಗೆ ಉಪಯೋಗ ಕಡಿಮೆ. ಅಲ್ಲಿ ಮುಚ್ಚಿಸಲು ಬಾಗಿಲೇ ಇಲ್ಲ, ಮುಚ್ಚುವುದಾದರೆ ಇಡೀ ಸಂವಹನ ವಿಧಾನವನ್ನೇ ಮುಚ್ಚಬೇಕು, ಆಗ ಪತ್ರಕರ್ತ, ವಕೀಲ, ಬ್ಯಾಂಕು ಎಲ್ಲರೂ ಅದರಡಿ ಬೀಳುತ್ತಾರೆ.

ಉಳಿಯುವುದು ಕ್ರಿಮಿನಲ್ ಕಾನೂನು. 1957ರ ಕೃತಿಸ್ವಾಮ್ಯ ಕಾಯ್ದೆಯ 63ನೆಯ ಕಲಮು ತಿಳಿದೂ ಉಲ್ಲಂಘಿಸಿದವರಿಗೆ, ಅದಕ್ಕೆ ದುಷ್ಪ್ರೇರಣೆ ನೀಡಿದವರಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ. ಇದು ಸಂಜ್ಞೇಯವೂ ಜಾಮೀನುರಹಿತವೂ ಆದ ಅಪರಾಧವೆಂದು, ಅಂದರೆ ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದೆಂದು, 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. 2012ರ ತಿದ್ದುಪಡಿಯಲ್ಲಿ ಬಂದ 52ನೆಯ ಕಲಮಿನ ವಿನಾಯಿತಿಯೊಂದು, ವಿದ್ಯುನ್ಮಾನ ರವಾನೆಯ ತಾಂತ್ರಿಕ ಪ್ರಕ್ರಿಯೆಯಲ್ಲಷ್ಟೇ ನಡೆಯುವ ಕ್ಷಣಿಕ ಅಥವಾ ಪ್ರಾಸಂಗಿಕ ಸಂಗ್ರಹವನ್ನು ಉಲ್ಲಂಘನೆಯಲ್ಲವೆನ್ನುತ್ತದೆ. ಕಡತದ ಚೂರುಗಳು ಕ್ಷಣಾರ್ಧದಲ್ಲಿ ಹಾದುಹೋಗುವ ಗಣಕಕ್ಕೆ ಈ ಆಸರೆ ಸಿಗಬಹುದು. ಫ್ರೀನೆಟ್‌ನಂತೆ ಗೂಢಲಿಪಿಯ ಚೂರುಗಳು ದಿನಗಟ್ಟಲೆ ಡಿಸ್ಕ್‌ನಲ್ಲಿ ಕೂರುವ ಗಣಕಕ್ಕೆ 'ಕ್ಷಣಿಕ' ಎಂಬ ಪದವನ್ನು ಎಷ್ಟು ಎಳೆಯಬಹುದೆಂಬುದು ಕಷ್ಟದ ಪ್ರಶ್ನೆ. ಆಗ ಬಳಕೆದಾರನನ್ನು ಉಳಿಸುವುದು 63ನೆಯ ಕಲಮಿನ 'ತಿಳಿದೂ' ಎಂಬ ಮಾತೊಂದೇ, ಮತ್ತು ಅದು ತೀರ್ಮಾನವಾಗುವುದು ಬಂಧನದ ಬಹುಕಾಲದ ಬಳಿಕ.

ಕರ್ನಾಟಕದಲ್ಲಿ ಇದರ ಮೇಲೆ ಇನ್ನೊಂದು ಪದರವಿದೆ. ಜನಸಾಮಾನ್ಯರ ಬಾಯಲ್ಲಿ ಗೂಂಡಾ ಕಾಯ್ದೆ ಎಂದೇ ಪರಿಚಿತವಾದ 1985ರ ಶಾಸನದಲ್ಲಿ ವಿಡಿಯೊ, ಆಡಿಯೊ ಚೋರರು ಮೊದಲೇ ಸೇರಿದ್ದರು. 2014ರ ತಿದ್ದುಪಡಿ ಅದಕ್ಕೆ ಡಿಜಿಟಲ್ ಅಪರಾಧಿ ಎಂಬ ಹೊಸ ವರ್ಗವನ್ನು ಕೂಡಿಸಿ, ವಾಣಿಜ್ಯ ಉದ್ದೇಶದಿಂದ ತಿಳಿದೂ ಕೃತಿಸ್ವಾಮ್ಯ ಉಲ್ಲಂಘಿಸುವವರನ್ನು ಅದರೊಳಗೆ ತಂದಿತು. ಈ ಶಾಸನದಡಿ ವಿಚಾರಣೆ ಇಲ್ಲದೆ ಒಂದು ವರ್ಷದವರೆಗೆ ಬಂಧನದಲ್ಲಿಡಬಹುದು. ಬಿಡುಗಡೆಯ ದಿನವೇ ಚಿತ್ರ ಸೋರಿಹೋಗಿ ಹಾಕಿದ ದುಡ್ಡು ಮುಳುಗುವ ಗಾಂಧಿನಗರದ ನಿರ್ಮಾಪಕನ ಸಂಕಟ ಸುಳ್ಳಲ್ಲ. ಆದರೆ ಐ.ಪಿ. ದಾಖಲೆಯನ್ನು ಪಾಟೀಸವಾಲಿಗೆ ಒಡ್ಡುವ ಅವಕಾಶವಿಲ್ಲದ ಕಡೆ, ಪ್ರಿಂಟರ್‌ಗೆ ದೂರು ಕಳುಹಿಸುವ ಮಟ್ಟದ ಸಾಕ್ಷ್ಯವೂ ಮನುಷ್ಯನನ್ನು ಒಳಗಿಡಲು ಸಾಕಾಗಿಬಿಡುವ ಸಂಭವವಿದೆ.

ಹಕ್ಕುದಾರರು ಮರೆಯುವ ಕಲಮೊಂದು ಅದೇ ಕೃತಿಸ್ವಾಮ್ಯ ಕಾಯ್ದೆಯಲ್ಲಿದೆ. 60ನೆಯ ಕಲಮಿನ ಪ್ರಕಾರ, ಆಧಾರವಿಲ್ಲದೆ ಕಾನೂನು ಕ್ರಮದ ಬೆದರಿಕೆಗೆ ಒಳಗಾದವನು ತಾನೇ ದಾವೆ ಹೂಡಿ, ಬೆದರಿಕೆ ನಿರಾಧಾರವೆಂಬ ಘೋಷಣೆ, ತಡೆಯಾಜ್ಞೆ ಮತ್ತು ನಷ್ಟ ಪರಿಹಾರ ಕೇಳಬಹುದು. ಲಂಡನ್ ಮಾದರಿಯಲ್ಲಿ ಸಾಲುಸಾಲಾಗಿ ನೋಟಿಸು ಕಳುಹಿಸುವವರಿಗೆ ಇದು ನೇರವಾಗಿ ತಗಲುತ್ತದೆ. ಬೆದರಿಕೆ ಹಾಕಿದವನು ತಡಮಾಡದೆ ಉಲ್ಲಂಘನೆಯ ದಾವೆ ಹೂಡಿ ಶ್ರದ್ಧೆಯಿಂದ ನಡೆಸಿದರೆ ಮಾತ್ರ ಈ ಕಲಮಿನಿಂದ ಪಾರಾಗುತ್ತಾನೆ. ಹಾಗೆ ನಡೆಸಬೇಕಾದರೆ ಕಣ್ಗಾವಲು ಕಂಪನಿಯ ದಾಖಲೆಯನ್ನು, 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ಕೇಳುವ ಪ್ರಮಾಣಪತ್ರದೊಂದಿಗೆ, ಕಡತ ತಿದ್ದಿಲ್ಲವೆಂದು ತೋರಿಸುವ ಹ್ಯಾಶ್ ಸಂಖ್ಯೆಯ ಸಮೇತ ಹಾಜರುಪಡಿಸಬೇಕು. ಆ ಪತ್ರಕ್ಕೆ ಸಹಿ ಹಾಕಿದ ನೌಕರ ವಿದೇಶದಲ್ಲಿ ಕುಳಿತಿದ್ದರೂ ಪ್ರತಿವಾದಿಯ ವಕೀಲರ ಪಾಟೀಸವಾಲಿಗೆ ಉತ್ತರ ಕೊಡಬೇಕಾಗಿ ಬರಬಹುದು.